ಕಾಯಿ ಅಟ್ಟದಲ್ಲಿ ಅಡಗಿದ ದನಿ

ಕೊಟ್ಟಿಗೆಯ ಮೇಲಿನ ಕಾಯಿ ಅಟ್ಟಕ್ಕೆ ಒರಗಿಸಿದ ಏಣಿಯ ಮೇಲ್ಮೆಟ್ಟಿಲಲ್ಲಿ ನಿಂತು ಸುನಂದಮ್ಮ ಇನ್ನೊಂದು ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಲೊಡಲೊಡ. ಕೊಬ್ಬರಿ ಕರಟ ಬಿಟ್ಟು ಒಳಗೆ ಉಂಡೆಯಾಗಿ ಉರುಳುತ್ತಿತ್ತು. ಪಕ್ಕದ್ದೂ ಲೊಡಲೊಡ. ಅದರ ಹಿಂದಿನದೂ ಹಾಗೇ.

"ಹರಾಜಿಗೆ ಬಂದೋರಂಗೆ ಒಂದೊಂದೇ ನೋಡ್ತಾ ಇದ್ದೀರಲ್ಲ ಸುನಂದಮ್ಮ," ಎಂದರು ಕೆಳಗೆ ನಿಂತಿದ್ದ ಶಂಭುಲಿಂಗಯ್ಯ. "ಹೇಳ್ಬುಟ್ಟಿದ್ದೀನಲ್ಲ. ಸಂಕ್ರಾಂತಿ ಆದ ಮೇಲೆ ತುಂಬಿದ ಅಟ್ಟ ಇದು. ಹತ್ತು ತಿಂಗಳಾಯ್ತು. ಒಂದು ಹಲ್ಲೀನೂ ಹತ್ತಿಲ್ಲ."

"ಹಲ್ಲಿ ನಿಮ್ಮ ಅಪ್ಪಣೆ ಕೇಳಿ ಹತ್ತತದಾ ಯಜಮಾನ್ರೆ?"

ಶಂಭುಲಿಂಗಯ್ಯ ನಗಲಿಲ್ಲ. ಹೊನ್ನವಳ್ಳಿಯಲ್ಲಿ ಅವರ ತೋಟಕ್ಕೆ ಇರುವಷ್ಟೇ ಹೆಸರು ಅವರ ಮಾತಿಗೂ ಇತ್ತು. ಎಪ್ಪತ್ತು ದಾಟಿದ, ಹಣೆಯ ವಿಭೂತಿ ಸಂಜೆಯವರೆಗೂ ಅಳಿಸದ ಆ ಮನುಷ್ಯ ಸುಳ್ಳು ಹೇಳುತ್ತಾರೆ ಎಂದರೆ ಊರೇ ನಂಬುವುದಿಲ್ಲ. ಸುನಂದಮ್ಮನಿಗೂ ನಂಬಲು ಇಷ್ಟವಿರಲಿಲ್ಲ.

ಆದರೆ ಒಂಬತ್ತು ದಿನದ ಹಿಂದೆ ತಿಪಟೂರಿನಲ್ಲಿ, ತೀರಿಹೋದ ಮೈಕ್‌ಸೆಟ್ ಮರುಳಸಿದ್ದಯ್ಯನವರ ಅಂಗಡಿಯ ಟ್ರಂಕಿನಿಂದ ಹನ್ನೊಂದು ಹಳೆಯ ಕ್ಯಾಸೆಟ್ಟು ಮಾಯವಾಗಿದ್ದವು, ಅದೂ ಬೀಗ ಒಡೆಯದೆ. ಆ ಬೀಗದ ಕೀಲಿ ಇದ್ದದ್ದು ಇಬ್ಬರ ಹತ್ತಿರ. ಒಬ್ಬ ಮರುಳಸಿದ್ದಯ್ಯನವರ ಮಗ ದಯಾನಂದ್. ಇನ್ನೊಬ್ಬರು ಮರುಳಸಿದ್ದಯ್ಯನವರ ತಂಗಿ ನಿಂಗಮ್ಮನ ಗಂಡ, ಇದೇ ಶಂಭುಲಿಂಗಯ್ಯ.

ತಿಪಟೂರಿನ ಬಾಯಿಗಳೆಲ್ಲ ದಯಾನಂದನ ಮೇಲೇ ಬಿದ್ದಿದ್ದವು. ಅಪ್ಪನ ಅಂಗಡಿ ಕೆಡವಿ ಮೊಬೈಲ್ ಅಂಗಡಿ ಹಾಕುತ್ತೇನೆ ಅಂದವನು ಅವನೇ. ಗುಜರಿಗೆ ಕೊಟ್ಟಿರುತ್ತಾನೆ ಎಂದು ಟೀ ಅಂಗಡಿಯಲ್ಲಿ ತೀರ್ಪೂ ಆಗಿಹೋಗಿತ್ತು. ಈಗ ಅವನು ಏಣಿಯ ಒಂದು ಕಾಲು ಹಿಡಿದು ನಿಂತಿದ್ದ, ಮುಖ ಸಣ್ಣದು ಮಾಡಿಕೊಂಡು.

ಏಣಿಯ ಇನ್ನೊಂದು ಕಾಲು ಹಿಡಿದಿದ್ದವಳು ಯಾಂಗ್ಚೆನ್. ಬೈಲಕುಪ್ಪೆಯ ಟಿಬೆಟನ್ ಹುಡುಗಿ. ಹುಡುಗಿ ಎಂದರೆ ಮೂವತ್ತನಾಲ್ಕರವಳು. ಅವರ ಹಳೆಯ ಜನರ ಹಾಡು, ಕಥೆ, ಮಾತುಗಳನ್ನು ಧ್ವನಿಯಲ್ಲೂ ಚಿತ್ರದಲ್ಲೂ ಹಿಡಿದಿಡುವ ಒಂದು ಸಣ್ಣ ಸಂಗ್ರಹಾಲಯದಲ್ಲಿ ಅವಳಿಗೆ ಕೆಲಸ. ಹನ್ನೊಂದು ಕ್ಯಾಸೆಟ್ಟಿನ ಗಂಟು ಹುಡುಕಿ ತಿಪಟೂರಿಗೆ ಬಂದವಳೂ ಅವಳೇ, ಅವು ಇಲ್ಲವೆಂದು ಗೊತ್ತಾದ ದಿನ ಸುನಂದಮ್ಮನ ಬಾಗಿಲು ತಟ್ಟಿದವಳೂ ಅವಳೇ.

ಅವಳ ಜೇಬಿನಲ್ಲಿ ಫೋನು ಮತ್ತೆ ಗುಂಯ್ ಎಂದಿತು. ನೋಡಿದಳು. ಮುಖದ ಬಣ್ಣ ಇಳಿಯಿತು.

"ಏನಂತೆ?" ಸುನಂದಮ್ಮ ಮೇಲಿನಿಂದಲೇ ಕೇಳಿದರು.

"ಪೆಂಬಾ ಅಜ್ಜ ಬೆಳಿಗ್ಗೆ ಎದ್ದು ಚಹಾ ಕುಡಿದ್ರಂತೆ ಅಮ್ಮಾ. ಮಾತಾಡ್ತಾ ಇದ್ದಾರಂತೆ. ಆದ್ರೆ ಡಾಕ್ಟ್ರು ಹೇಳಿದ್ದಾರೆ, ಇವತ್ತಿನ ಮಾತು ಇವತ್ತಿಗೆ, ನಾಳೆದು ಕೇಳಬೇಡಿ ಅಂತ."

ತೊಂಬತ್ತೆರಡರ ಪೆಂಬಾ ಅಜ್ಜ. ಅವರ ಕಣಿವೆಯ ಮದುವೆ ಹಾಡು ಗೊತ್ತಿರುವ ಕೊನೆಯ ಗಂಡಸು. ಅಲ್ಲಿ ಮದುಮಗಳು ಬಂದಾಗ ಗಂಡಿನ ಮನೆಯ ಗಂಡಸರು ಬಾಗಿಲು ಅಡ್ಡಗಟ್ಟಿ ಹಾಡಿನಲ್ಲೇ ಒಂಬತ್ತು ಪ್ರಶ್ನೆ ಕೇಳುತ್ತಾರೆ. ಹೆಣ್ಣಿನ ಜೊತೆ ಬಂದ ಹೆಂಗಸರು ಹಾಡಿನಲ್ಲೇ ಉತ್ತರ ಕೊಡಬೇಕು. ನಮ್ಮಲ್ಲಿ ಗಂಡನ ಹೆಸರು ಹೇಳಿಸದೆ ಹೊಸಿಲು ದಾಟಿಸುವುದಿಲ್ಲವಲ್ಲ, ಹಾಗೆ ಎಂದು ಸುನಂದಮ್ಮ ಅರ್ಥ ಮಾಡಿಕೊಂಡಿದ್ದರು. ಕೊನೆಯ ಪ್ರಶ್ನೆಗೆ ಮಾತ್ರ ಹಾಡುವ ಹೆಂಗಸಿನದೇ ಸ್ವಂತ ಉತ್ತರ. ತಾಯಿಯ ಒಲೆ ಬಿಟ್ಟು ಎಷ್ಟು ಚಳಿಗಾಲ ಕಳೆದೆ ಎಂದು ಕೇಳಿದರೆ, ಅವಳು ತನ್ನ ಲೆಕ್ಕ ಹೇಳಿ, ನೀನೂ ಅಷ್ಟು ಕಾಲ ಬಾಳು ಎಂದು ಮದುಮಗಳನ್ನು ಹರಸಬೇಕು.

ಪೆಂಬಾ ಅಜ್ಜನಿಗೆ ಒಂಬತ್ತು ಪ್ರಶ್ನೆಯೂ ಬರುತ್ತದೆ. ಯಾಂಗ್ಚೆನ್ ಅವನ್ನು ಕ್ಯಾಮೆರಾದಲ್ಲಿ ಹಿಡಿದಿದ್ದಾಳೆ. ಉತ್ತರ ಮಾತ್ರ ಒಂದೂ ಬರುವುದಿಲ್ಲ, ಅದು ಹೆಂಗಸರ ಪಾಲು. ಬರುತ್ತಿದ್ದ ಕೊನೆಯ ಹೆಂಗಸು ಅವರ ತಂಗಿ ಲ್ಹಾಮೋ. ಚಳಿಗಾಲಕ್ಕೆ ತಿಪಟೂರಿಗೆ ಸ್ವೆಟರ್ ಮಾರಲು ಬಂದು, ಮರುಳಸಿದ್ದಯ್ಯನವರ ಜಗಲಿಯಲ್ಲಿ ಇಳಿದುಕೊಳ್ಳುತ್ತಿದ್ದವಳು. ಎಂಬತ್ತನಾಲ್ಕರ ಸಂಕ್ರಾಂತಿಯ ನಂತರ ಅವಳು ಊರಿಗೆ ಮರಳಲಿಲ್ಲ. ಹುಡುಕಿ ಹುಡುಕಿ, ಸತ್ತಳೆಂದು ದೀಪವನ್ನೂ ಹಚ್ಚಿದ್ದರು.

ಆ ಹಾಡು ಈಗ ಒಂದು ಕೈಯ ಚಪ್ಪಾಳೆ. ಇನ್ನೊಂದು ಕೈ, ಲ್ಹಾಮೋ ಹಾಡಿದ್ದನ್ನು ಮರುಳಸಿದ್ದಯ್ಯನವರು ಹಿಡಿದಿಟ್ಟಿದ್ದ ಆ ಕ್ಯಾಸೆಟ್ಟುಗಳಲ್ಲಿತ್ತು. ಅಜ್ಜ ಕಣ್ಣು ಮುಚ್ಚಿದರೆ ಉತ್ತರ ಸಿಕ್ಕರೂ ಅದರ ಮಾತು ಬಿಡಿಸಿ ಹೇಳುವವರಿಲ್ಲ.

ಸುನಂದಮ್ಮ ತುಸು ಬಾಗಿ, ಅಟ್ಟದ ನಡುವಿನಿಂದ ಒಂದು ಕಾಯಿ ಎತ್ತಿದರು. ಅಲ್ಲಾಡಿಸಿದರು.

ಗುಳುಗುಳು.

ಅದರ ಪಕ್ಕದ್ದು ಎತ್ತಿದರು. ಗುಳುಗುಳು. ಮೂರನೆಯದೂ ಅದೇ. ಎರಡು ಮೊಳ ಉದ್ದ, ಎರಡು ಮೊಳ ಅಗಲದಷ್ಟು ಜಾಗದಲ್ಲಿ ಕಾಯಿಗಳೆಲ್ಲ ನೀರು ತುಂಬಿಕೊಂಡು ಕೂತಿದ್ದವು.

ಇಪ್ಪತ್ತರ ವಯಸ್ಸಿಗೇ ತಿಪಟೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಲೆಗೆ ಹೆಡ್‌ಫೋನ್ ಏರಿಸಿ ಕೂತವರು ಸುನಂದಮ್ಮ. ಹಲೋ ಅನ್ನುವಷ್ಟರಲ್ಲಿ ಇವರು ಇಂಥವರು, ಇವತ್ತು ಇವರ ಮನೆಯಲ್ಲಿ ಜಗಳವಾಗಿದೆ ಎಂದು ಹೇಳಬಲ್ಲ ಕಿವಿ ಅದು. ಮೂರು ತಾಲ್ಲೂಕಿನ ಗುಟ್ಟು ಆ ಕಿವಿಯಲ್ಲಿ ಹಾದುಹೋಗಿತ್ತು, ಬಾಯಿಂದ ಒಂದೂ ಹೊರಬಿದ್ದಿರಲಿಲ್ಲ. ನಿವೃತ್ತಿಯಾದ ಮೇಲೆ ಕಳೆದದ್ದನ್ನು ಹುಡುಕಿಕೊಡಿ ಎಂದು ಜನ ಅವರ ಮನೆಗೆ ಬರುವುದು ಸುಮ್ಮನೆ ಅಲ್ಲ. ಅರವತ್ತನಾಲ್ಕಾದರೂ ಕಿವಿಗೆ ಮುಪ್ಪು ಬಂದಿರಲಿಲ್ಲ, ಬಂದದ್ದು ಮೊಣಕಾಲಿಗೆ.

ಅವರು ಲೊಡಲೊಡ ಅನ್ನುವುದೊಂದು, ಗುಳುಗುಳು ಅನ್ನುವುದೊಂದು, ಎರಡು ಕಾಯಿ ಸೆರಗಿನಲ್ಲಿ ಕಟ್ಟಿಕೊಂಡು ನಿಧಾನವಾಗಿ ಇಳಿದರು.

"ದಯಾನಂದ, ಇದನ್ನ ಅಲ್ಲಾಡಿಸು."

ಅವನು ಮೊದಲನೆಯದನ್ನು ಕಿವಿಗೆ ಹಿಡಿದ. "ಆಗೈತೆ. ಒಣಗಿ ಉಂಡೆ ಕಟ್ಟಿರೋ ಗಿಟಕು ಕೊಬ್ಬರಿ."

"ಇದು?"

ಅವನ ಹುಬ್ಬು ಗಂಟಾಯಿತು. "ಇದು ಎಳಸು ಅಂತಲ್ಲ, ಹೊಸದು. ಹೋದ ವಾರ ಹತ್ತು ದಿನದಾಗೆ ಕಿತ್ತಿರೋ ಕಾಯಿ. ಇದು ಎಲ್ಲಿತ್ತು?"

"ಅದರ ಪಕ್ಕದಾಗೇ."

"ಆಗಕ್ಕಿಲ್ಲ ಬುಡಿ. ಆಗಿರೋ ಕಾಯಿ ಮಧ್ಯಕ್ಕೆ ಹಸಿ ಕಾಯಿ ಯಾವನ್ ಹಾಕ್ತಾನೆ, ಕೊಬ್ಬರಿ ಕೆಟ್ಟೋಗಲ್ವಾ?" ಎಂದವನು ತಟ್ಟನೆ ಮಾವನ ಮುಖ ನೋಡಿದ.

ಶಂಭುಲಿಂಗಯ್ಯ ಅಂಗಳದ ಕಡೆ ನೋಡುತ್ತಿದ್ದರು.

"ಯಜಮಾನ್ರೆ," ಸುನಂದಮ್ಮ ಕಲ್ಲುಬೆಂಚಿನ ಮೇಲೆ ಕೂತರು. ಮೊಣಕಾಲು ಒತ್ತಿಕೊಂಡು ಮುಂದುವರಿಸಿದರು. "ಮೊನ್ನೆ ನಾನು ಬಂದಾಗ ನಿಂಗಮ್ಮ ತಟ್ಟೆ ತುಂಬ ಕೊಬ್ಬರಿ ಬೆಲ್ಲ ಕೊಟ್ಟಳು. ಹೊಸ ಕೊಬ್ಬರಿ, ಹಲ್ಲಿಗೆ ಸಿಕ್ಕರೆ ಗರಿಗರಿ. ತಿಂದೆ. ಬಸ್ಸಿನಾಗೆ ಹೋಗ್ತಾ ಯೋಚನೆ ಬಂತು. ಅಟ್ಟ ಇಳಿಸಿಲ್ಲ ಅಂತೀರಿ. ಹೋದ ವರ್ಷದ್ದು ಇಷ್ಟೊತ್ತಿಗೆ ಮುಗ್ಗಿರ್ತದೆ. ಈ ಹೊಸ ಕೊಬ್ಬರಿ ಎಲ್ಲಿಂದ ಬಂತು?"

"ಮನೆಗೆ ಅಂತ ಕೊಂಡ್ಕೊಂಡಿರ್ತೀವಿ."

"ಹೊನ್ನವಳ್ಳಿ ಶಂಭುಲಿಂಗಯ್ಯನೋರು ಕೊಬ್ಬರಿ ಕೊಂಡ್ಕೊಂಡ್ರು ಅಂದ್ರೆ ಪೇಪರ್‌ನಾಗೆ ಬರ್ತದೆ."

ದಯಾನಂದ್ ನಗು ತಡೆದು ಕೆಮ್ಮಿದ.

"ಹೊರಗಿನ ಕಳ್ಳ ಆಗಿದ್ರೆ ಇಷ್ಟು ಕಷ್ಟ ಇರ್ತಿರಲಿಲ್ಲ. ಕಾಯಿ ಇಳಿಸ್ತಿದ್ದ, ಕ್ಯಾಸೆಟ್ಟು ಮಡಗ್ತಿದ್ದ, ಅದೇ ಕಾಯಿ ಮೇಲೆ ಹಾಕಿ ಹೋಗ್ತಿದ್ದ. ನಾನು ಸಾಯೋವರೆಗೂ ಅಲ್ಲಾಡಿಸಿದರೂ ಗೊತ್ತಾಗ್ತಿರಲಿಲ್ಲ. ಆದರೆ ನಿಮ್ಮ ಮನೇಲಿ ಒಂದು ಶಾಸ್ತ್ರ ಐತಲ್ಲ. ಅಟ್ಟದಿಂದ ಇಳಿದ ಕಾಯಿ ಮತ್ತೆ ಅಟ್ಟ ಏರಬಾರದು. ನಿಮ್ಮ ತಾತನ ಕಾಲದಿಂದ ನಡಕೊಂಡು ಬಂದದ್ದು, ನಿಂಗಮ್ಮನೇ ಹೆಮ್ಮೆಯಿಂದ ಹೇಳಿದಳು. ನೀವು ಜಾಗಕ್ಕೆ ಅಂತ ಮೂವತ್ತು ನಲವತ್ತು ಕಾಯಿ ಇಳಿಸಿದ್ರಿ. ಇಳಿಸಿದ್ದನ್ನ ಮತ್ತೆ ಏರಿಸೋಕೆ ಕೈ ಬರಲಿಲ್ಲ. ಸುಲಿದು ಅಡಿಗೆಮನೆಗೆ ಕೊಟ್ರಿ. ತೋಟದಿಂದ ಬಂದ ಹೊಸ ಕಾಯಿ ಹಾಕಿ ಗುಂಡಿ ಮುಚ್ಚಿದ್ರಿ."

ಕೊಟ್ಟಿಗೆಯ ಎಮ್ಮೆ ಕಿವಿ ಬಡಿಯಿತು.

"ಮಾವ," ದಯಾನಂದನ ದನಿ ಸಣ್ಣದಾಗಿತ್ತು. "ಒಂಬತ್ತು ದಿನದಿಂದ ಊರು ನನ್ನ ಮುಖಕ್ಕೆ ಉಗೀತಾ ಐತೆ. ನೀವು ನೋಡ್ತಾ ಕೂತಿದ್ರಲ್ಲ."

ಆ ಮಾತು ತಾಗಿತು. ಶಂಭುಲಿಂಗಯ್ಯ ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು.

"ತಪ್ಪಾಯ್ತು ಕಣ್ಲಾ ದಯಾ," ಎಂದರು. "ನಾಲಿಗೆ ಸುಳ್ಳು ಹೇಳ್ತು. ಅಟ್ಟಕ್ಕೆ ಮೋಸ ಮಾಡೋಕೆ ಮಾತ್ರ ಆಗಲಿಲ್ಲ. ಹತ್ತು. ಹಸಿ ಕಾಯಿ ಇರೋ ಕಡೆ ತೆಗಿ."

ದಯಾನಂದ್ ಏಣಿ ಹತ್ತಿದ್ದು ಕಾಣಲೇ ಇಲ್ಲ, ಅಷ್ಟು ಬೇಗ ಮೇಲಿದ್ದ. ಕಾಯಿ ಒಂದೊಂದಾಗಿ ಕೆಳಗೆ ಬಂದವು. ಯಾಂಗ್ಚೆನ್ ಹಿಡಿದು ಹಿಡಿದು ಗೋಡೆಗೆ ಒಟ್ಟಿದಳು. ಅವಸರಕ್ಕೆ ಎರಡು ಕಾಯಿ ಜಾರಿ ಎಮ್ಮೆಯ ಕಾಲಿನವರೆಗೂ ಉರುಳಿದವು. ಆಮೇಲೆ ದಯಾನಂದ್ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು, ದೇವರ ಪೆಟ್ಟಿಗೆ ಇಳಿಸುವ ಹಾಗೆ ಇಳಿಸಿದ.

ಡಬ್ಬಿಗೆ ಒಗೆದ ಬಿಳಿ ಪಂಚೆ ಸುತ್ತಿತ್ತು. ಪಂಚೆಯ ಮೇಲೆ ವಿಭೂತಿಯ ಮೂರು ಬೆರಳಿನ ಗೆರೆ.

ಸುನಂದಮ್ಮ ಆ ಗೆರೆಗಳನ್ನೇ ನೋಡಿದರು. ಕಸ ಬಚ್ಚಿಡುವವರು ಮಡಿ ಬಟ್ಟೆ ಸುತ್ತುವುದಿಲ್ಲ, ವಿಭೂತಿ ಇಡುವುದಿಲ್ಲ. ಈ ಮನುಷ್ಯನಿಗೆ ಒಳಗಿನ ವಸ್ತುವಿನ ಮೇಲೆ ದ್ವೇಷವಿಲ್ಲ, ಭಯವಿದೆ.

ಯಾಂಗ್ಚೆನ್ ಮುಚ್ಚಳ ತೆಗೆದು ಎಣಿಸಿದಳು. ಹನ್ನೊಂದು. ಮತ್ತೆ ಎಣಿಸಿದಳು. ಹನ್ನೊಂದೇ. ಅವಳು ಅಲ್ಲೇ ಕೊಟ್ಟಿಗೆಯ ನೆಲದಲ್ಲಿ ಕೂತು ಅತ್ತುಬಿಟ್ಟಳು. ಯಾರೂ ಬೇಡ ಎನ್ನಲಿಲ್ಲ. ಸುನಂದಮ್ಮನ ಕಣ್ಣೂ ತುಂಬಿ ಬಂತು, ಅದಕ್ಕೆ ಅವರು ಅಟ್ಟದ ಧೂಳನ್ನು ಬೈದರು.

"ಯಾಕೆ ಯಜಮಾನ್ರೆ?" ಅವರು ಮೆತ್ತಗೆ ಕೇಳಿದರು.

"ಸುಡಬೇಕು ಅಂತಲೇ ತಂದದ್ದು. ಒಲೆ ಮುಂದೆ ಕೂತೆ. ಒಂದು ಜೀವದ ದನಿ ಅದು, ಸುಡೋಕೆ ಆಗಲಿಲ್ಲ."

"ಸುಡು ಅಂದೋರು ಯಾರು?"

"ಯಾರೂ ಅನ್ನಲಿಲ್ಲ. ಒಬ್ಬರಿಗೆ ಮಾತು ಕೊಟ್ಟಿದ್ದೀನಿ. ನಲವತ್ತು ವರ್ಷ ಉಳಿಸಿಕೊಂಡು ಬಂದೀನಿ. ಈ ಹುಡುಗಿ ಟೇಪು ಕೇಳ್ಕೊಂಡು ಬಂದಾಗ ಎದೆ ಒಡೀತು. ಅದಕ್ಕಿಂತ ಹೆಚ್ಚಿಗೆ ನನ್ನ ಕೇಳಬ್ಯಾಡಿ. ಕಂಬಕ್ಕೆ ಕಟ್ಟಿ ಹಾಕಿದರೂ ಬಾಯಿ ಬುಡಲ್ಲ."

ಬಿಡುವುದಿಲ್ಲ ಎಂದು ಸುನಂದಮ್ಮನಿಗೂ ಗೊತ್ತಾಯಿತು. ಕಾಯಿಯ ಮೇಲೇ ಶಾಸ್ತ್ರ ಮೀರದವರು ಮಾತಿನ ಮೇಲೆ ಮೀರುತ್ತಾರೆಯೇ?

ಅಷ್ಟರಲ್ಲಿ ಒಳಗಿನಿಂದ ನಿಂಗಮ್ಮ ಮಜ್ಜಿಗೆ ತಂದಳು. ಅರವತ್ತರ ಹೆಂಗಸು, ಶಂಭುಲಿಂಗಯ್ಯನವರ ಹೆಂಡತಿ, ಮೈಕ್‌ಸೆಟ್ ಮರುಳಸಿದ್ದಯ್ಯನವರ ಒಬ್ಬಳೇ ತಂಗಿ. ಬಿಸ್ಕತ್ತಿನ ಡಬ್ಬಿ ಕಂಡದ್ದೇ ಲೋಟಗಳು ತಟ್ಟೆಯಲ್ಲಿ ಕಿಣಿಕಿಣಿ ಎಂದವು. ಅವಳು ತಲೆ ತಗ್ಗಿಸಿ ಲೋಟ ಕೊಟ್ಟು, ತಗ್ಗಿಸಿದ ತಲೆಯಲ್ಲೇ ಒಳಗೆ ಹೋದಳು. ಸ್ವೆಟರ್ ಮಾರುವವರ ಬಗ್ಗೆ ಮೊನ್ನೆ ಕೇಳಿದಾಗ, ಅವರ ಮುಖಾನೂ ನಾನು ನೋಡಿಲ್ಲ ಸುನಂದಕ್ಕ, ಅಂದಿದ್ದಳು.

ಸುನಂದಮ್ಮ ಮಜ್ಜಿಗೆ ಕುಡಿದರು. ಆ ಕಿಣಿಕಿಣಿಯನ್ನು ಮಾತ್ರ ಕಿವಿಯಲ್ಲಿ ಇಟ್ಟುಕೊಂಡರು.

"ಇಲ್ಲಿ ಹಾಕಬಾರದು," ಯಾಂಗ್ಚೆನ್ ಕಣ್ಣೊರೆಸಿಕೊಂಡು ಕ್ಯಾಸೆಟ್ಟುಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ನಮ್ಮ ಪದ್ಧತಿ ಪ್ರಕಾರ ಇದನ್ನ ಬೈಲಕುಪ್ಪೆಗೆ ತಗೊಂಡೋಗಿ, ಬೂಸ್ಟು ಇದೆಯಾ ನೋಡಿ, ಒಳ್ಳೇ ಮಿಷನ್ನಲ್ಲೇ ಹಾಕಬೇಕು. ನಲವತ್ತು ವರ್ಷದ ರೀಲು. ಸಿಕ್ಕಿಕೊಂಡ್ರೆ ಮುಗೀತು."

"ಬೈಲಕುಪ್ಪೆ ಸೇರೋಕೆ ಎಷ್ಟೊತ್ತು?"

"ಐದು ಗಂಟೆ ಆದ್ರೂ ಬೇಕು."

"ಅಜ್ಜ ಈಗ ಮಾತಾಡ್ತಾ ಇದ್ದಾರೆ ಅಂದೆ."

ಯಾಂಗ್ಚೆನ್ ಒಮ್ಮೆ ಕ್ಯಾಸೆಟ್ಟು, ಒಮ್ಮೆ ಫೋನು ನೋಡಿದಳು. ಕೆಲಸದ ಶಿಸ್ತು ಒಂದು ಕಡೆ ಎಳೆಯುತ್ತಿತ್ತು, ಮುದುಕನ ಉಸಿರು ಇನ್ನೊಂದು ಕಡೆ.

"ಅಪ್ಪನ ಪ್ಲೇಯರು ಕಾರಿನಾಗೆ ಐತೆ," ದಯಾನಂದ್ ಹೇಳಿದ.

ಎಲ್ಲರೂ ಅವನನ್ನು ನೋಡಿದರು.

"ಹೊಸ ಬೆಲ್ಟ್ ಹಾಕಿಸಿದೀನಿ. ವಾರಕ್ಕೊಂದು ಸಲ ಓಡಿಸ್ತೀನಿ." ಅವನು ನೆಲ ನೋಡುತ್ತ ಕಾಲಬೆರಳಲ್ಲಿ ಮಣ್ಣು ಕೆದರಿದ. "ಅಂಗಡಿ ಕೆಡವ್ತೀನಿ ಅಂದೆ. ಅದನ್ನ ಬಿಸಾಕ್ತೀನಿ ಅಂತ ಯಾವತ್ತು ಅಂದೆ?"

ಊರೆಲ್ಲ ಗುಜರಿಗೆ ಹಾಕಿದ ಎಂದು ಬೈದ ಹುಡುಗ ಅಪ್ಪನ ಯಂತ್ರಕ್ಕೆ ವಾರವಾರವೂ ಎಣ್ಣೆ ಬತ್ತಿ ಮಾಡುತ್ತಿದ್ದ. ತಿಪಟೂರಿನ ಟೀ ಅಂಗಡಿಗಳ ತೀರ್ಪನ್ನು ಸುನಂದಮ್ಮ ಮನಸ್ಸಿನಲ್ಲೇ ಹರಿದು ಹಾಕಿದರು.

ಪಡಸಾಲೆಯಲ್ಲಿ ಚಾಪೆ ಹಾಸಿದರು. ಯಾಂಗ್ಚೆನ್ ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಪ್ಲೇಯರಿನ ಹೆಡ್ಡು ಒರೆಸಿದಳು, ಒಂದು ಸಲ ಅಲ್ಲ, ಐದು ಸಲ. 'ಲ್ಹಾಮೋ, ಸಂಕ್ರಾಂತಿ 84' ಎಂದು ಮರುಳಸಿದ್ದಯ್ಯನವರ ಗುಂಡು ಅಕ್ಷರದಲ್ಲಿ ಬರೆದಿದ್ದ ಕ್ಯಾಸೆಟ್ಟು ಆರಿಸಿ, ಪೆನ್ನು ತೂರಿಸಿ ಕೈಯಲ್ಲೇ ಸುತ್ತಿ ಸಡಿಲ ಮಾಡಿದಳು. ಪ್ಲೇಯರಿನಿಂದ ತನ್ನ ಪುಟ್ಟ ರೆಕಾರ್ಡರಿಗೆ ವೈರು ಎಳೆದಳು.

"ಒಂದೇ ಸಲ ಓಡಿಸೋದು. ಓಡ್ತಾ ಓಡ್ತಾನೇ ಇದರಲ್ಲಿ ಇಳಿಬೇಕು. ನಿಲ್ಲಿಸೋದು, ಹಿಂದೆ ತಿರುಗಿಸೋದು ಇಲ್ಲ. ಆಯ್ತಾ?"

"ಟ್ರಂಕ್ ಕಾಲ್ ಇದ್ದಂಗೆ," ಎಂದರು ಸುನಂದಮ್ಮ. "ಲೈನು ಸಿಕ್ಕಾಗ ಮಾತಾಡಿಬಿಡಬೇಕು."

ಯಾಂಗ್ಚೆನ್ ಫೋನನ್ನು ಕಂಬಕ್ಕೆ ಒರಗಿಸಿ ವೀಡಿಯೊ ಕರೆ ಮಾಡಿದಳು. ಆ ಕಡೆ ಅವಳ ಜೊತೆಗಾರ ದೊಡ್ಡ ಕ್ಯಾಮೆರಾ ಸಿದ್ಧಮಾಡಿಕೊಂಡು ನಿಂತಿದ್ದ. ದಿಂಬಿಗೆ ಒರಗಿ ಕೂತ ಪೆಂಬಾ ಅಜ್ಜ ಕಾಣಿಸಿದರು. ಒಣಗಿದ ಮುಖ, ಸಣ್ಣ ಕಣ್ಣು, ತಲೆಗೆ ಉಣ್ಣೆಯ ಟೋಪಿ.

"ಪೋಲಾ," ಎಂದಳು ಯಾಂಗ್ಚೆನ್. ಅವರಲ್ಲಿ ಹಾಗೆಂದರೆ ಅಜ್ಜ. ಮುಂದೆ ಅವರ ಭಾಷೆಯಲ್ಲೇ ಏನೋ ಹೇಳಿದಳು. ಮುದುಕ ತಲೆಯಾಡಿಸಿದರು. ದಯಾನಂದ್ ಬಸವಣ್ಣನಿಗೆ ಕೈ ಮುಗಿದು ಗುಂಡಿ ಒತ್ತಿದ.

ಸುಯ್ ಎಂಬ ಸದ್ದು. ಯಾರೋ ಕೆಮ್ಮಿದರು. "ಹೂಂ, ಹಾಡವ್ವ," ಎಂದಿತು ಮರುಳಸಿದ್ದಯ್ಯನವರ ದನಿ. ಸತ್ತ ಅಪ್ಪನ ಮಾತು ಕೇಳಿ ದಯಾನಂದ್ ಗೋಡೆಗೆ ತಿರುಗಿ ನಿಂತ.

ಆಮೇಲೆ ಹಾಡು ಬಂತು. ಎತ್ತರದಿಂದ ಜಾರಿ, ನಡುವೆ ಮುರಿದು, ಮತ್ತೆ ಏರುವ ದನಿ. ಉತ್ತರ ಹಾಡುವಾಗ ಯಾವಾಗಲೂ ಇಬ್ಬರು ಹೆಂಗಸರು ಇರಬೇಕಂತೆ, ಇಲ್ಲೂ ಇಬ್ಬರಿದ್ದರು. ಒಂದು ಲ್ಹಾಮೋಳ ತುಂಬು ದನಿ, ಇನ್ನೊಂದು ಅದರ ಬೆನ್ನಿಗಂಟಿದ ಎಳೆಯ ದನಿ. ಒಂದು ಉತ್ತರ ಮುಗಿಯಿತು. ಟೇಪಿನಲ್ಲಿ ಮೌನ. ಕೆಟ್ಟುಹೋಯಿತೇನೋ ಎಂದು ದಯಾನಂದ್ ಬಗ್ಗಿದ.

ಯಾಂಗ್ಚೆನ್ ಅವನ ಕೈ ತಡೆದಳು. "ಕೆಟ್ಟಿಲ್ಲ. ಅದು ಗಂಡಸರು ಹಾಡೋ ಜಾಗ. ಲ್ಹಾಮೋ ಖಾಲಿ ಬಿಟ್ಟಿದ್ದಾಳೆ."

ಫೋನಿನೊಳಗೆ ಪೆಂಬಾ ಅಜ್ಜ ದಿಂಬಿನಿಂದ ಬೆನ್ನು ಎತ್ತಿದರು. ಗಂಟಲು ಸರಿ ಮಾಡಿಕೊಂಡು ಎರಡನೇ ಪ್ರಶ್ನೆ ಹಾಡಿದರು. ದನಿ ಒಡೆದಿತ್ತು, ತಾಳ ಮಾತ್ರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಪ್ರಶ್ನೆ ಮುಗಿದದ್ದೇ ಟೇಪಿನಿಂದ ತಂಗಿ ಉತ್ತರ ಕೊಟ್ಟಳು.

ಅಣ್ಣ ಕೇಳುತ್ತಿದ್ದ, ತಂಗಿ ಹೇಳುತ್ತಿದ್ದಳು. ನಡುವೆ ನಲವತ್ತು ವರ್ಷವಿತ್ತು, ಅದು ಅಡ್ಡ ಬರಲಿಲ್ಲ. ಮೂರು ಆಯಿತು, ನಾಲ್ಕು ಆಯಿತು. ಆ ಕಡೆ ಕ್ಯಾಮೆರಾ ಓಡುತ್ತಿತ್ತು, ಈ ಕಡೆ ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿತ್ತು. ಯಾಂಗ್ಚೆನ್ ಎರಡೂ ಮುಷ್ಟಿ ಬಿಗಿ ಹಿಡಿದು ತುಟಿ ಕಚ್ಚಿ ನಗುತ್ತಿದ್ದಳು. ಗೆದ್ದವರ ನಗೆ ಅದು. ಇಷ್ಟು ವರ್ಷ ಯಾರ ಬಾಯಲ್ಲೂ ಇಲ್ಲದ ಹಾಡು ಹೊನ್ನವಳ್ಳಿಯ ಪಡಸಾಲೆಯಲ್ಲಿ ಎದ್ದು ಕೂತಿತ್ತು. ಸುನಂದಮ್ಮನಿಗೆ ಒಂದು ಮಾತೂ ಅರ್ಥವಾಗದಿದ್ದರೂ ಮೈಮೇಲೆ ರೋಮ ನಿಂತವು.

ಐದನೆಯದರಲ್ಲಿ ಅವರ ಕಿವಿ ಕೆಲಸ ಶುರು ಮಾಡಿತು.

ಆ ಎಳೆಯ ದನಿ. ಸಾಲು ಎತ್ತುವ ಮೊದಲು ಒಂದು ಚಿಕ್ಕ ಬಿಕ್ಕು, ಉಸಿರು ಹೊಸಿಲಿಗೆ ಎಡವಿದ ಹಾಗೆ. ಆರನೆಯದರಲ್ಲಿ ಕಾದು ಕೇಳಿದರು. ಅದೇ ಬಿಕ್ಕು. ಕೆಲವರ ದನಿ ದಪ್ಪವಾಗುತ್ತದೆ, ಒಡೆಯುತ್ತದೆ, ಉಸಿರಿನ ಅಭ್ಯಾಸ ಮಾತ್ರ ಸಾಯುವವರೆಗೂ ಬಿಡುವುದಿಲ್ಲ. ಈ ಉಸಿರನ್ನು ಅವರು ಮೊನ್ನೆಯೇ ಕೇಳಿದ್ದರು. ಅವರ ಮುಖಾನೂ ನಾನು ನೋಡಿಲ್ಲ ಎಂದು ಹೇಳುವ ಮೊದಲು ಅದು ಹೀಗೆಯೇ ಎಡವಿತ್ತು.

ಅವರು ಅಡಿಗೆಮನೆಯ ಬಾಗಿಲ ಕಡೆ ನೋಡಿದರು. ನಿಂಗಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ತುಟಿ ಅಲುಗುತ್ತಿತ್ತು, ಟೇಪಿನ ಜೊತೆಗೇ, ಒಂದು ಮಾತೂ ತಪ್ಪದೆ.

ಏಳು. ಎಂಟು. ಎಂಟನೇ ಉತ್ತರ ಮುಗಿದದ್ದೇ ಪೆಂಬಾ ಅಜ್ಜ ಕಣ್ಣು ಮುಚ್ಚಿ ಒಂಬತ್ತನೆಯದನ್ನು ಹಾಡಿದರು. ತಾಯಿಯ ಒಲೆ ಬಿಟ್ಟು ಎಷ್ಟು ಚಳಿಗಾಲ ಕಳೆದೆ?

ಟಕ್.

ಪ್ಲೇಯರಿನ ಗುಂಡಿ ತಾನೇ ಮೇಲೆದ್ದಿತು. ರೀಲು ಮುಗಿದಿತ್ತು.

ಮುದುಕ ಕಣ್ಣು ಮುಚ್ಚಿಯೇ ಕಾಯುತ್ತಿದ್ದರು. ಯಾಂಗ್ಚೆನ್ ಗಾಬರಿಯಿಂದ ಕ್ಯಾಸೆಟ್ಟಿನ ಇನ್ನೊಂದು ಬದಿ ನೋಡಿದಳು, ಅದರ ಮೇಲೆ ಬೇರೆಯದೇ ದಿನಾಂಕವಿತ್ತು. ಮಿಕ್ಕ ಹತ್ತರ ಮೇಲೆ ಕಣ್ಣಾಡಿಸಿದಳು. ಇದರ ಮುಂದಿನದು ಎಂದು ಯಾವುದರ ಮೇಲೂ ಬರೆದಿರಲಿಲ್ಲ.

ಆಗ ಬಾಗಿಲಿನಿಂದ ಹಾಡು ಬಂತು.

ದಪ್ಪ ದನಿ, ಹಾಡಿ ಅಭ್ಯಾಸ ತಪ್ಪಿದ ದನಿ. ಮೊದಲ ಸಾಲಿಗೆ ಎಡವಿತು. ಎರಡನೆಯದಕ್ಕೆ ನೆಟ್ಟಗೆ ನಿಂತಿತು. ನಿಂಗಮ್ಮ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಯಾರನ್ನೂ ನೋಡದೆ, ಫೋನಿನ ಒಳಗಿನ ಮುದುಕನನ್ನು ಮಾತ್ರ ನೋಡುತ್ತ ಒಂಬತ್ತನೇ ಉತ್ತರವನ್ನು ಕೊನೆಯ ಮಾತಿನವರೆಗೂ ಹಾಡಿದಳು. ಶಂಭುಲಿಂಗಯ್ಯ ಬೇಡ ಎನ್ನುವಂತೆ ಕೈ ಎತ್ತಿದವರು ಅರ್ಧಕ್ಕೇ ಇಳಿಸಿದರು.

ಕೆಂಪು ದೀಪ ಉರಿಯುತ್ತಲೇ ಇತ್ತು. ಯಾಂಗ್ಚೆನ್ ಸದ್ದಿಲ್ಲದೆ ವೈರು ಕಿತ್ತು, ರೆಕಾರ್ಡರನ್ನು ಮೊದಲ ಸಾಲಿಗೇ ನಿಂಗಮ್ಮನ ಕಡೆ ಹಿಡಿದಿದ್ದಳು.

"ಸಿಕ್ತು," ಎಂದಳು ಅವಳು. "ಒಂಬತ್ತೂ ಸಿಕ್ತು ಅಮ್ಮಾ."

ದಯಾನಂದ್ ಚಪ್ಪಾಳೆ ತಟ್ಟಿದ. ಆ ಕಡೆ ಕ್ಯಾಮೆರಾದವನೂ ತಟ್ಟಿದ. ಪೆಂಬಾ ಅಜ್ಜ ಮಾತ್ರ ನಗಲಿಲ್ಲ. ಬೆರಳು ಮಡಚಿ ಏನೋ ಎಣಿಸುತ್ತಿದ್ದರು. ಎಣಿಸಿ, ಮತ್ತೆ ಎಣಿಸಿ, ನಿಧಾನವಾಗಿ ನಾಲ್ಕು ಮಾತಾಡಿದರು.

ಯಾಂಗ್ಚೆನ್‌ಳ ನಗು ಮುಖದಲ್ಲೇ ನಿಂತುಹೋಯಿತು.

"ಏನಂದ್ರು?" ಸುನಂದಮ್ಮ ಕೇಳಿದರು.

"ಅರವತ್ತೈದು ಚಳಿಗಾಲ ಅಂತ ಹಾಡಿದ್ರಲ್ಲ ಇವರು. ಅಜ್ಜ ಹೇಳ್ತಿದ್ದಾರೆ, ನಾನೂ ಲ್ಹಾಮೋನೂ ತಾಯಿ ಒಲೆ ಬಿಟ್ಟು, ಕೈ ಹಿಡ್ಕೊಂಡು ಗಡಿ ದಾಟಿದ್ದು ಐವತ್ತೊಂಬತ್ತರಲ್ಲಿ. ಅವಳು ಕಾಣೆಯಾದಾಗ ಇಪ್ಪತ್ತೈದು ಚಳಿಗಾಲ ಆಗಿತ್ತು. ಅವತ್ತು ಕಲಿಸಿದ್ದರೆ ಇಪ್ಪತ್ತೈದು ಅಂತ ಇರಬೇಕಿತ್ತು." ಅವಳು ತಾನೂ ಬೆರಳು ಮಡಚಿ ಎಣಿಸಿದಳು. "ಅರವತ್ತೈದು ಅಂದ್ರೆ ಹೋದ ಚಳಿಗಾಲದವರೆಗೂ ಬರ್ತದೆ."

ಆ ಲೆಕ್ಕ ನಿಂಗಮ್ಮನದಲ್ಲ ಎಂಬುದು ಸುನಂದಮ್ಮನಿಗೆ ತಕ್ಷಣ ಹೊಳೆಯಿತು. ಅವಳು ತವರು ಬಿಟ್ಟು ಬಂದು ನಲವತ್ತು ವರ್ಷವಷ್ಟೇ ಆಗಿತ್ತು.

ಅವರು ಎದ್ದು ಹೋಗಿ ಅವಳ ಕೈ ಹಿಡಿದರು.

"ನಿಂಗಮ್ಮ. ಈ ಸಾಲು ನೀನು ಯಾವಾಗ ಕಲಿತದ್ದು?"

ನಿಂಗಮ್ಮ ಗಂಡನ ಕಡೆ ನೋಡಿದಳು. ಶಂಭುಲಿಂಗಯ್ಯ ಕಣ್ಣು ಮುಚ್ಚಿ, ಆಗಲಿ ಎಂಬಂತೆ ತಲೆಯಾಡಿಸಿದರು. ಅವಳ ಉಸಿರು ಎಡವಿತು.

"ಈ ಸಲದ ಗೌರಿ ಹಬ್ಬದಾಗೆ ಸುನಂದಕ್ಕ. ಬಾಗಿನ ಕೊಡೋಕೆ ಲ್ಹಾಮೋ ಹತ್ರ ಹೋಗಿದ್ದೆ, ಆಗ ಅವಳೇ ಎಣಿಸಿ ಹೇಳಿಕೊಟ್ಟಳು."